ಒಂಬತ್ತು ಸಲ ಸತ್ತ ಪೆಟ್ಟಿಗೆ

ನಮ್ಮ ಹಗೇವಿನಲ್ಲಿ ಇಟ್ಟ ಜೋಳ ಹನ್ನೆರಡು ವರ್ಷ ಕೆಡುವುದಿಲ್ಲ. ನಮ್ಮ ಅಜ್ಜ ಹದಿನಾಲ್ಕು ಎನ್ನುತ್ತಿದ್ದ. ನಾನು ಎರಡು ವರ್ಷ ಬಿಟ್ಟುಕೊಟ್ಟು ಹೇಳಿದರೂ ನಮ್ಮೂರು ಮೊರಬದ ಜನ ನಂಬುವುದಿಲ್ಲ. ಕುಬೇರಪ್ಪ ಹೇಳಿದ್ದರಲ್ಲಿ ಅರ್ಧ ಸೋಸಿ ತೆಗೆದುಕೊಳ್ಳಬೇಕು ಎಂದು ಅವರು ನಾನು ಮೀಸೆ ಬಿಡುವ ಮೊದಲೇ ತೀರ್ಮಾನ ಮಾಡಿದ್ದಾರೆ. ಇರಲಿ.

ಹಗೇವು ಎಂದರೆ ನೆಲದೊಳಗಿನ ಕಣಜ. ನಮ್ಮ ಹಿತ್ತಲಿನದು ದೊಡ್ಡ ಹೂಜಿಯ ಆಕಾರದ್ದು. ಬಾಯಿ ಮೂರೂವರೆ ಗೇಣು, ಹೊಟ್ಟೆ ಒಂದು ಕೋಣೆಯಷ್ಟು, ಆಳ ಎರಡಾಳು. ಒಳಗೆ ಮುಚ್ಚಿಟ್ಟ ಕಾಳೂ ಉಸಿರಾಡುತ್ತದೆ. ಒಳ್ಳೆಯ ಗಾಳಿ ಎಳೆದುಕೊಂಡು ಕೆಟ್ಟದ್ದನ್ನು ಬಿಡುತ್ತದೆ. ಆ ಕೆಟ್ಟ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಳದಲ್ಲಿ ನೀರಿನ ಹಾಗೆ ನಿಂತಿರುತ್ತದೆ. ನಮ್ಮ ಓಣಿಯ ಮೈಲಾರಪ್ಪನ ಅಪ್ಪ ಜೋಳ ತೆಗೆಯಲು ಇಳಿದವನು ಮೇಲೆ ಬರಲಿಲ್ಲ. ಅವನನ್ನು ತರಲು ಇಳಿದ ಅವನ ತಮ್ಮನೂ ಬರಲಿಲ್ಲ. ಈ ಮಾತಿಗೆ ನಾನು ಏನನ್ನೂ ಸೇರಿಸಿಲ್ಲ. ಅದಕ್ಕೇ ಹಿರಿಯರು ಮೊದಲು ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಅವತ್ತು ಪಕ್ಕದ ಮನೆಯಿಂದ ಹಿಟ್ಟು ಕಡ ತರಬೇಕು.

ಊರವರೆಲ್ಲ ತಮ್ಮ ಹಗೇವುಗಳಿಗೆ ಮಣ್ಣು ತುಂಬಿ ಮೇಲೆ ಬೈಕು ನಿಲ್ಲಿಸಿದರು. ನಾನು ಪೆಟ್ಟಿಗೆ ಕೂರಿಸಿದೆ.

ಪೆಟ್ಟಿಗೆ ಕಟ್ಟಿಕೊಟ್ಟವಳು ನಸ್ರೀನ್, ಪಕ್ಕದ ಮನೆ ರಸೂಲಸಾಬರ ಮಗಳು. ಅಣ್ಣಿಗೇರಿಯಲ್ಲಿ ಗಂಡ ಶಾಕೀರನ ಜೊತೆ ಪಂಪ್‌ಸೆಟ್ಟಿನ ಆಟೋಮ್ಯಾಟಿಕ್ ಪೆಟ್ಟಿಗೆಗಳ ಅಂಗಡಿ ಇಟ್ಟಿದ್ದಾಳೆ. ನಮ್ಮದರೊಳಗೆ ಅಂಗೈಯಗಲದ ಒಂದು ಕಂಪ್ಯೂಟರು ಕೂತಿದೆ. ಒಳಗಿನ ಗಾಳಿ ಹೇಗಿದೆ ಎಂದು ನೋಡಲು ವೈರಿನ ತುದಿಯಲ್ಲಿ ಒಂದು ಕಣ್ಣು, ಒಳ್ಳೆಯ ಗಾಳಿ ತಳ್ಳಲು ಫ್ಯಾನು, ಹಗೇವಿನ ಬಾಯಿಗೆ ಹಳಿಯ ಮೇಲೆ ಜಾರುವ ಕಬ್ಬಿಣದ ಮುಚ್ಚಳ. ಮುಚ್ಚಳ ಎಳೆಯುವ ಮೋಟರು ನನ್ನ ಹಟಕ್ಕೆ ಹಾಕಿಸಿದ್ದು. ಎರಡು ಎತ್ತು ಕಟ್ಟಿದರೂ ಅದು ಹಿಂದೆ ಸರಿಯುವುದಿಲ್ಲ. ಎತ್ತುಗಳನ್ನು ಕಟ್ಟಿ ನೋಡಿಯೇ ಹೇಳುತ್ತಿದ್ದೇನೆ.

ಕೂರಿಸುವ ದಿನ ನಸ್ರೀನ್ ಒಂದು ಪ್ರಶ್ನೆ ಕೇಳಿದಳು. ಯಾವ ಪ್ರೋಗ್ರಾಮೂ ಒಂದಲ್ಲ ಒಂದು ದಿನ ನಡುವೆಯೇ ಬಿದ್ದು ಸಾಯುತ್ತದಂತೆ. ಜಾಣರು ಬರೆದದ್ದಾದರೆ, ಸಾಯುವ ಮುಂಚೆ ತನ್ನ ಹಿಂದಿನ ಕೆಲಸಗಳನ್ನೆಲ್ಲ ಚೊಕ್ಕ ಮಾಡಿ ಹೋಗುತ್ತದಂತೆ.

"ಬೀಳೂ ಮುಂದ ಇದು ಏನ ಮಾಡಿ ಹೋಗ್ಬೇಕ್ರಿ ಕಾಕಾ? ನೀವು ಹೇಳ್ದಂಗ ಬರೀತೇನಿ."

ನಾನು ಯೋಚಿಸಲಿಲ್ಲ. ಹಿಂದಿನ ವರ್ಷ ಹಗೇವಿನ ಬಾಯಿ ತೆರೆದಿಟ್ಟು ಸಂತೆಗೆ ಹೋಗಿದ್ದಾಗ ಮಳೆ ಬಿದ್ದು, ಒಳಗಿನ ಜೋಳ ಮೊಳೆತು, ನಾನು ತಿರುಗಿ ಬರುವಷ್ಟರಲ್ಲಿ ತೆನೆ ಹೊರಗೆ ಬಂದು ಹಿತ್ತಲು ನೋಡುತ್ತಿತ್ತು. ಹಾಗಾಗಿ ಹೇಳಿದೆ: ಫ್ಯಾನು ನಿಲ್ಲಿಸಬೇಕು, ಮುಚ್ಚಳ ಹಾಕಬೇಕು, ಆಮೇಲೆ ಸಾಯಬೇಕು. ಕರೆಂಟು ಹೋದರೂ ಅಷ್ಟೆ, ಬ್ಯಾಟರಿಯ ಮೇಲೆ ಮುಚ್ಚಳ ಹಾಕಿಯೇ ಪ್ರಾಣ ಬಿಡಬೇಕು. ಅವಳು ಹಾಗೆಯೇ ಬರೆದಳು. ಸತ್ತ ಪ್ರೋಗ್ರಾಮನ್ನು ಮತ್ತೆ ಎಬ್ಬಿಸಲು ಒಳಗೆ ಇನ್ನೊಂದು ಕಾವಲುಗಾರ ಪ್ರೋಗ್ರಾಮನ್ನೂ ಇಟ್ಟಳು. ಅದು ಸಾಯುವವನಿಗೆ ಹತ್ತು ಸೆಕೆಂಡು ಕೊಡುತ್ತದೆ. ಅಷ್ಟರಲ್ಲಿ ಕೆಲಸ ಮುಗಿಯಲಿ ಬಿಡಲಿ, ಎತ್ತಿ ಒಗೆದು ಹೊಸದನ್ನು ಎಬ್ಬಿಸುತ್ತದೆ. ನಮ್ಮಿಬ್ಬರ ತಲೆಯಲ್ಲೂ ಅವತ್ತು ಹಗೇವಿನೊಳಗೆ ಇದ್ದದ್ದು ಜೋಳ ಮಾತ್ರ.

ಎಳ್ಳ ಅಮಾವಾಸ್ಯೆಗೆ ಎರಡು ದಿನವಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ನಾನು ಹಬ್ಬಕ್ಕೆ ಒಂದು ಚೀಲ ಜೋಳ ತೆಗೆಯಲು ಹಗ್ಗದ ಏಣಿ ಇಳಿಬಿಟ್ಟು ಒಳಗಿಳಿದೆ. ಪೆಟ್ಟಿಗೆಯ ಮೇಲೆ ಹಸಿರು ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಆದರೂ ಕಂದೀಲನ್ನು ಕೈಯಲ್ಲಿ ಹಿಡಿದುಕೊಂಡೇ ಇಳಿದೆ. ಮೇಲೆ ನಿಂತಿದ್ದ ನನ್ನ ಹೆಂಡತಿ ದಾನೇಶ್ವರಿ, ಪೆಟ್ಟಿಗೆ ಮೇಲೆ ಅಷ್ಟು ಭಾಷಣ ಬಿಗಿದವರಿಗೆ ಕಂದೀಲು ಯಾಕೆ ಎಂದು ಕೇಳಿದಳು. ಅಜ್ಜನಿಗೆ ಬೇಜಾರಾಗಬಾರದು ಎಂದೆ.

ಒಳಗೆ ಕಂದೀಲು ತೂಗುಹಾಕಲು ಮೊಳೆ ಇರಲಿಲ್ಲ. ಗಾಳಿ ನೋಡುವ ಕಣ್ಣಿನ ವೈರು ಒಳ್ಳೆಯ ಎತ್ತರದಲ್ಲಿ ಇಳಿಬಿದ್ದಿತ್ತು. ಅದಕ್ಕೇ ತೂಗುಹಾಕಿದೆ. ಇದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಅರ್ಧ ಚೀಲ ತುಂಬಿರಬೇಕು. ಕಂದೀಲು ಮೆತ್ತಗೆ ಜೋಳದ ಮೇಲೆ ಬಂದು ಕೂತಿತು. ಚಿಮಣಿ ಕೂಡ ಒಡೆಯಲಿಲ್ಲ. ಅದರ ಹಿಂದೆಯೇ, ತುದಿಯ ಕಣ್ಣು ಕಿತ್ತುಹೋದ ವೈರು ಜೋತಾಡಿತು. ಫ್ಯಾನು ನಿಂತಿತು. ಮೇಲೆ ಮೋಟರು ಗುರ್ ಎಂದಿತು. ಸ್ವಲ್ಪ ಹೊತ್ತಿಗೆ ಅದೂ ನಿಂತು, ಫ್ಯಾನು ಮತ್ತೆ ಶುರುವಾಯಿತು. ಒಂದೆರಡು ಉಸಿರು ತಿರುಗಿ ಮತ್ತೆ ನಿಂತಿತು. ಮೋಟರು ಮತ್ತೆ ಗುರ್ ಎಂದಿತು.

ಮೂರನೆಯ ಸಲ ನಾನು ತಲೆ ಎತ್ತಿ ನೋಡಿದೆ. ಆಕಾಶ ಗುಂಡಗಿರಲಿಲ್ಲ. ಒಂದು ಕಡೆ ಯಾರೋ ಕಚ್ಚಿ ತಿಂದ ರೊಟ್ಟಿಯ ಹಾಗಿತ್ತು.

ಏನಾಗುತ್ತಿದೆ ಎಂದು ನನಗೆ ಒಮ್ಮೆಲೇ ಹೊಳೆಯಿತು. ಹೊಳೆಯಬಾರದಿತ್ತು. ಪ್ರೋಗ್ರಾಮು ಏಳುತ್ತದೆ, ಕಣ್ಣು ಹುಡುಕುತ್ತದೆ, ಕಣ್ಣಿಲ್ಲದ್ದು ಕಂಡು ಬೀಳುತ್ತದೆ. ಬೀಳುವಾಗ ನಾನು ಹೇಳಿದ್ದನ್ನೇ ಮಾಡುತ್ತದೆ. ಹತ್ತು ಸೆಕೆಂಡಿನಲ್ಲಿ ಮುಚ್ಚಳ ನಾಲ್ಕು ಬೆರಳು ಸರಿಯುತ್ತದೆ. ಕಾವಲುಗಾರ ಅದನ್ನು ಒಗೆದು ಹೊಸದನ್ನು ಎಬ್ಬಿಸುತ್ತಾನೆ. ಅದಕ್ಕೂ ಕಣ್ಣಿಲ್ಲ. ಒಂದೊಂದು ಸಾವಿಗೆ ನಾಲ್ಕು ಬೆರಳು.

ಜೋಳದೊಳಗೆ ಕೈ ಹಾಕಿ ಕಿತ್ತುಹೋದ ತುದಿಯನ್ನು ಹುಡುಕಿದೆ. ಜೋಳದಲ್ಲಿ ಜೋಳದಷ್ಟೇ ದಪ್ಪದ ವಸ್ತುವನ್ನು ಹುಡುಕಿ ನೋಡಿ, ಆಗ ಗೊತ್ತಾಗುತ್ತದೆ. ಬಗ್ಗಿದಾಗ ತಲೆ ತಿರುಗಿತು. ಕಂದೀಲಿನ ದೀಪ ಹಳದಿ ಇದ್ದದ್ದು ಕೆಂಪಾಗಿತ್ತು. ಬಿಟ್ಟು ಏಣಿಯ ಕಡೆಗೆ ನಡೆದೆ. ಜೋಳ ಮೊಣಕಾಲಿನವರೆಗೆ ಒಳಗೆಳೆಯುತ್ತಿತ್ತು. ಒಂದು ಕಾಲು ಕಿತ್ತರೆ ಇನ್ನೊಂದು ಹೂಳುತ್ತಿತ್ತು. ನಾಲ್ಕನೆಯ ಸಾವು. ಐದನೆಯದು.

ಮೇಲೆ ದಾನೇಶ್ವರಿ ತೆರೆಯುವ ಬಟನ್ನು ಒತ್ತುತ್ತಲೇ ಇದ್ದಳು. ಕೇಳಿಸಿಕೊಳ್ಳಲು ಪೆಟ್ಟಿಗೆಯೊಳಗೆ ಯಾರಾದರೂ ಬದುಕಿರಬೇಕಲ್ಲ. ಅವಳು ಗೋಡೆಯಾಚೆಯಿಂದ ರಸೂಲಸಾಬರನ್ನು ಕರೆದಳು. ಅವರು ಎಪ್ಪತ್ತರ ಮುದುಕರು, ಬರುವಾಗ ಒನಕೆ ತಂದು ಸಂದಿಗೆ ಅಡ್ಡ ಕೊಟ್ಟರು. ಆರನೆಯ ಸಾವಿಗೆ ಒನಕೆ ಕಬ್ಬಿನ ಹಾಗೆ ಸೀಳಿ ಎರಡು ತುಂಡಾಗಿ ನನ್ನ ಭುಜದ ಮೇಲೆ ಬಿತ್ತು. ಆ ಮೋಟರನ್ನು ನಾನು ಊರೆಲ್ಲ ಹೊಗಳಿದ್ದೆ.

ಏಣಿ ಹತ್ತಿ ಬಾಯಿ ಮುಟ್ಟುವ ಹೊತ್ತಿಗೆ ಏಳನೆಯದೂ ಮುಗಿದಿತ್ತು. ತಲೆ ಹೊರಗೆ ಹಾಕಿದೆ. ಬಿಸಿಲು ಮುಖಕ್ಕೆ ಬಡಿಯಿತು. ಒಂದು ತೋಳೂ ಬಂತು. ಹೊಟ್ಟೆ ಬರಲಿಲ್ಲ. ಉಸಿರು ಬಿಟ್ಟು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿದೆ, ಆದರೂ ಬರಲಿಲ್ಲ. ದಾನೇಶ್ವರಿ ಎರಡೂ ಕೈಯಿಂದ ನನ್ನ ತೋಳು ಹಿಡಿದು ಎಳೆದಳು. ಅಷ್ಟರಲ್ಲಿ ಒಳಗೆ ಫ್ಯಾನು ಶುರುವಾಯಿತು.

ಫ್ಯಾನು ಶುರುವಾಯಿತು ಎಂದರೆ ಅದು ಹುಟ್ಟಿತು. ಹುಟ್ಟಿತು ಎಂದರೆ ಇನ್ನು ಎರಡು ಉಸಿರಿಗೆ ಸಾಯುತ್ತದೆ. ನನ್ನ ಕುತ್ತಿಗೆ ಮುಚ್ಚಳದ ಅಂಚಿಗೂ ಬಾಯಿಯ ಕಲ್ಲಿಗೂ ನಡುವೆ ಇತ್ತು.

"ಕೈ ಬಿಡು," ಎಂದೆ.

"ಬಿಡಂಗಿಲ್ಲ."

"ಕುತಗಿ ಐತಿ ಇಲ್ಲಿ. ಬಿಡು."

ಬಿಟ್ಟಳು. ಫ್ಯಾನು ನಿಂತಿತು. ತಲೆ ಒಳಗೆಳೆದುಕೊಂಡೆ. ಕಿವಿಯ ಮೇಲಿನ ಚರ್ಮ ಸ್ವಲ್ಪ ಮುಚ್ಚಳಕ್ಕೆ ಅಂಟಿ ಉಳಿಯಿತು. ಎಂಟು.

ಇನ್ನು ಹತ್ತು ಬೆರಳಿನ ಸಂದಿ. ಕೆಳಗೆ ನೋಡಿದರೆ ಕಂದೀಲಿನ ದೀಪ ತೊಗರಿ ಕಾಳಿನಷ್ಟಾಗಿತ್ತು. ನೋಡುತ್ತಿರುವಂತೆಯೇ ಅದೂ ಇಲ್ಲವಾಯಿತು. ದೀಪ ಆರುವುದು ನಾನು ಜೀವನದಲ್ಲಿ ಬೇಕಾದಷ್ಟು ನೋಡಿದ್ದೇನೆ. ಸದ್ದಿಲ್ಲದೆ, ಊದದೆ, ಗಾಳಿ ಬೀಸದೆ ಹಾಗೆ ಆರಿದ್ದನ್ನು ನೋಡಿರಲಿಲ್ಲ. ಮೈಲಾರಪ್ಪನ ಅಪ್ಪನ ಮುಖ ನನಗೆ ನೆನಪೇ ಇರಲಿಲ್ಲ, ಆಗ ಬಂತು.

ದಾನೇಶ್ವರಿ ಫೋನು ಹಚ್ಚಿದ್ದಳು. ಸ್ಪೀಕರಿನಲ್ಲಿ ನಸ್ರೀನ್‌ಳ ದನಿ ನನಗೂ ಕೇಳುತ್ತಿತ್ತು. ಕೆಂಪು ಬಟನ್ನು ಒತ್ತುತ್ತೇನೆ ಎಂದಳು ದಾನೇಶ್ವರಿ. ಪೆಟ್ಟಿಗೆ ನಿಲ್ಲಿಸುವ ಬಟನ್ನು ಅದು.

"ಒತ್ತಬ್ಯಾಡ್ರಿ ಕಾಕಿ." ಆ ಹುಡುಗಿಯ ದನಿ ಗಾಜು ಒಡೆದ ಹಾಗಿತ್ತು. "ನಿಲ್ಲು ಅಂತ ನಾವಾಗಿ ಹೇಳಿದ್ರ ಅದಕ್ಕ ಪೂರಾ ಟೈಮ್ ಕೊಟ್ಟೇನ್ರಿ. ಎಲ್ಲಾ ಮುಗಿಸ್ಕೊಂಡು, ಪೂರಾ ಮುಚ್ಚಿ ನಿಲ್ತೈತಿ."

"ಮತ್ತ ಹೆಂಗ?"

"ಹೇಳದ ಕೇಳದ ಕೊಲ್ಲಬೇಕ್ರಿ ಅದನ್ನ. ಕಡೀ ಕೆಲಸಾ ಮಾಡಾಕ ಬಿಡಬಾರ್ದು."

ನಮ್ಮ ಮನೆಯಲ್ಲಿ ಸಾಯುತ್ತಿರುವ ಬೆಕ್ಕಿನ ಬಾಯಿಗೂ ನೀರು ಬಿಡುತ್ತಾರೆ. ದಾನೇಶ್ವರಿ ಒಂದು ಕ್ಷಣವೂ ತಡಮಾಡಲಿಲ್ಲ, ಕೊಲ್ಲುವುದು ಹೇಗೆ ಎಂದು ಕೇಳಿದಳು. ಈ ಮಾತನ್ನು ಆಮೇಲೆ ಹಲವು ದಿನ ನಾನು ಯೋಚಿಸಿದ್ದೇನೆ.

ಸಂದಿಯಿಂದ ನನಗೆ ರಸೂಲಸಾಬರ ಪಾದ ಕಾಣುತ್ತಿತ್ತು. ಯಾವ ಯಂತ್ರ ಕೆಟ್ಟರೂ ಪ್ಲಗ್ಗು ಕಿತ್ತು ಮತ್ತೆ ಹಾಕುವುದು ಅವರ ಪದ್ಧತಿ. ಆ ಪಾದ ಈಗ ಗೋಡೆಯ ಪ್ಲಗ್ಗಿನ ಕಡೆಗೆ ಹೊರಟಿತ್ತು.

"ಬ್ಯಾಟರಿ ಮದ್ಲ," ಎಂದಳು ಫೋನಿನಿಂದ ನಸ್ರೀನ್. "ಪ್ಲಗ್ ಆಮ್ಯಾಲ. ಮದ್ಲ ಪ್ಲಗ್ ಕಿತ್ರ, ಕರೆಂಟ್ ಹೋತು ಅಂತ ತಿಳಕೊಂಡು ಬ್ಯಾಟರಿ ಮ್ಯಾಲ ಪೂರಾ ಮುಚ್ಚತೈತ್ರಿ. ಕಾಕಾನ ಹಂಗ ಬರಿ ಅಂದಿದ್ರು."

"ಕೈ ತಗೀರಿ ರಸೂಲಣ್ಣಾ," ಎಂದಳು ದಾನೇಶ್ವರಿ. ಪಾದ ನಿಂತಿತು.

ಒಳಗೆ ಫ್ಯಾನು ಶುರುವಾಯಿತು. ನಾನು ಬಾಯನ್ನು ಸಂದಿಗೆ ಹಚ್ಚಿ, ಮೇಲಿನ ಬಿಸಿಲನ್ನೇ ಕುಡಿಯುವವನ ಹಾಗೆ ಉಸಿರು ಎಳೆಯುತ್ತಿದ್ದೆ. ಬ್ಯಾಟರಿಯ ಮೇಲಿನ ನಟ್ಟು ಬಿಗಿಯಾಗಿತ್ತು. ಪಾನಾ ತರಲು ಹೊತ್ತಿರಲಿಲ್ಲ. ಅವಳು ವೈರನ್ನೇ ಬೆರಳಿಗೆ ಸುತ್ತಿಕೊಂಡು ಎಳೆಯುತ್ತಿದ್ದಳು. ಅವಳ ಬಳೆಗಳ ಸದ್ದು ಕೇಳುತ್ತಿತ್ತು. ಫ್ಯಾನು ನಿಂತಿತು. ಮೋಟರು ಗುರ್ ಎಂದಿತು. ಒಂಬತ್ತು. ಒಂದು ಬೆರಳು. ಎರಡು ಬೆರಳು. ಕಬ್ಬಿಣದ ಅಂಚು ನನ್ನ ಮೂಗಿನ ಮುಂದೆ ಬರುತ್ತಿರುವುದನ್ನು ನಾನು ಕಣ್ಣು ಮುಚ್ಚದೆ ನೋಡಿದೆ. ಮುಚ್ಚಬೇಕೆಂದಿದ್ದೆ, ರೆಪ್ಪೆ ಕೇಳಲಿಲ್ಲ.

ಚಟ್ ಎಂದು ಕಿಡಿ ಹಾರಿತು. ದಾನೇಶ್ವರಿ "ಈಗ" ಎಂದಳು. ರಸೂಲಸಾಬರು ಪ್ಲಗ್ಗು ಕಿತ್ತರು.

ಮೋಟರಿನ ಸದ್ದು ಅರ್ಧಕ್ಕೆ ತುಂಡಾಯಿತು. ಅರ್ಧ ಗೇಣಿಗೂ ಒಂದು ಬೆರಳು ಹೆಚ್ಚೇ ಸಂದಿ ಉಳಿದಿತ್ತು.

ಆಮೇಲೆ ಎಲ್ಲಾ ಸುಮ್ಮನಾಯಿತು. ಆ ಸುಮ್ಮನಿರುವುದೇ ನನಗೆ ಹೆಚ್ಚು ಹೆದರಿಕೆ ತಂದಿತು. ಇಷ್ಟು ಹೊತ್ತು ಪ್ರತಿ ಹುಟ್ಟಿಗೂ ಎರಡು ಉಸಿರಿನಷ್ಟು ಗಾಳಿಯಾದರೂ ಬರುತ್ತಿತ್ತು. ಈಗ ಫ್ಯಾನು ಮತ್ತೆ ಹುಟ್ಟುವುದಿಲ್ಲ. ಮುಚ್ಚಳ ಇನ್ನೂ ಮೋಟರಿನ ಹಲ್ಲಿಗೆ ಕಚ್ಚಿಕೊಂಡಿತ್ತು, ಕೈಯಿಂದ ತಳ್ಳಿದರೆ ಸರಿಯುವಂಥದ್ದಲ್ಲ. ಎರಡನ್ನೂ ಜೋಡಿಸಿದ ಬೋಲ್ಟನ್ನು ಹೊಡೆದು ತೆಗೆಯಿರಿ ಎಂದಳು ನಸ್ರೀನ್. ರಸೂಲಸಾಬರು ಸುತ್ತಿಗೆ ತಂದು ಹೊಡೆಯತೊಡಗಿದರು. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಅವರು ಒಂದು ಬೀಡಿ ಸೇದಿ ಮುಗಿಸಿದರೆಂದು ನಾನು ಊರಲ್ಲಿ ಹೇಳಿಕೊಂಡು ತಿರುಗುತ್ತೇನೆ. ಅವರು ಸೇದಿರಲಿಕ್ಕಿಲ್ಲ.

ದಾನೇಶ್ವರಿ ಒಳಗೆ ಓಡಿ ಮೊರ ತಂದಳು. ಸಂದಿಯ ಪಕ್ಕದಲ್ಲಿ ಮೊಣಕಾಲೂರಿ ಬೀಸಿದಳು, ಹೊಟ್ಟು ತೂರುವ ಹಾಗಲ್ಲ, ಒಳಗೆ ಗಾಳಿ ಸುರಿಯುವ ಹಾಗೆ. ಬೀಸುತ್ತ ನನ್ನ ಹೆಸರು ಹಿಡಿದು ಕರೆಯುತ್ತಿದ್ದಳು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವಳ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ಪ್ರತಿ ಸಲಕ್ಕೂ ನಾನು ಓಗೊಡಬೇಕು. ಮೊದಲು "ಹಾಂ" ಎನ್ನುತ್ತಿದ್ದೆ. ಆಮೇಲೆ ಕಬ್ಬಿಣಕ್ಕೆ ಉಗುರಿನಿಂದ ಬಡಿಯುತ್ತಿದ್ದೆ. ಕಡೆಕಡೆಗೆ ಕರೆಯುತ್ತಿರುವುದು ಬೇರೆ ಯಾರನ್ನೋ, ಓಗೊಡುವ ಕೆಲಸ ನನ್ನದಲ್ಲ ಎನ್ನಿಸತೊಡಗಿತು. ಬಹಳ ಸಮಾಧಾನದ ಭಾವನೆ ಅದು.

ಬೋಲ್ಟು ಬಿದ್ದ ಸದ್ದು ನಾನು ಕೇಳಲಿಲ್ಲ. ಇಬ್ಬರೂ ಸೇರಿ ಮುಚ್ಚಳ ತಳ್ಳಿ, ಅಂಗಿಯ ಕಾಲರು ಹಿಡಿದು ನನ್ನನ್ನು ಮೇಲಕ್ಕೆ ಎಳೆದರಂತೆ. ಕಣ್ಣು ಬಿಟ್ಟಾಗ ನಾನು ಹಿತ್ತಲಿನ ನೆಲದ ಮೇಲಿದ್ದೆ. ರಸೂಲಸಾಬರು ನನ್ನ ಕಾಲು ತಿಕ್ಕುತ್ತ ಅಳುತ್ತಿದ್ದರು. ದಾನೇಶ್ವರಿ ಅಳುತ್ತಿರಲಿಲ್ಲ. ಅವಳ ಕೈ ಮೊರ ಬೀಸುತ್ತಲೇ ಇತ್ತು.

ಮಧ್ಯಾಹ್ನ ಶಾಕೀರನ ಬೈಕಿನ ಹಿಂದೆ ಕೂತು ನಸ್ರೀನ್ ಬಂದಳು. ನನ್ನನ್ನು ನೋಡಿದಳು, ಕಿವಿಯ ಗಾಯ ನೋಡಿದಳು, ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತುಬಿಟ್ಟಳು. ಮನುಷ್ಯ ಒಳಗಿದ್ದರೆ ಎಂದು ಕೇಳಬೇಕಾದ್ದು ತನ್ನ ಕೆಲಸವಾಗಿತ್ತು ಎಂದು ಎರಡು ಸಲ ಹೇಳಿದಳು. ಆಮೇಲೆ ಕಿತ್ತ ವೈರನ್ನು ಮೇಲೆಳೆದು ತುದಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಹೇಗೆ ಕಿತ್ತಿತು ಎಂದು ಕೇಳಿದಳು.

ಹೆಗ್ಗಣ ಎಂದೆ. ಬಾಯಿಗೆ ಅದೇ ಬಂತು. ಒಮ್ಮೆ ಬಂದ ಮೇಲೆ ಸುಮ್ಮನಿರಲು ನನಗೆ ಬರುವುದಿಲ್ಲ. ನಾಯಿಮರಿಯಷ್ಟು ದೊಡ್ಡದಿತ್ತು ಎಂದೆ. ವೈರನ್ನು ಎರಡೂ ಕೈಯಲ್ಲಿ ಹಿಡಿದು ಜೋಕಾಲಿ ಆಡಿತು ಎಂದೆ. ಪಾಪದ ಹುಡುಗಿ ತಲೆಯಾಡಿಸುತ್ತ, ಹಾಗಾದರೆ ವೈರಿಗೆ ಕಬ್ಬಿಣದ ಪೈಪು ಹಾಕುತ್ತೇನೆ ಎಂದಳು. ದಾನೇಶ್ವರಿ ಸುಟ್ಟ ಬೆರಳನ್ನು ಎಣ್ಣೆಯ ಬಟ್ಟಲಿನಲ್ಲಿ ಅದ್ದಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಕಂದೀಲು ಎಲ್ಲಿ ತೂಗುಹಾಕಿದ್ದೆ ಎಂದು ಮೇಲಿನಿಂದ ಅವಳಿಗೆ ಚೆನ್ನಾಗಿ ಕಂಡಿತ್ತು.

ನಸ್ರೀನ್ ಲ್ಯಾಪ್‌ಟಾಪು ತೆರೆದಳು.

"ಇನ್ನ ಮ್ಯಾಲ ಬೀಳೂ ಮುಂದ ಏನ ಮಾಡ್ಲಿ ಅದು, ಕಾಕಾ?"

ಹಗೇವಿನ ಬಾಯಿ ಅಲ್ಲೇ ತೆರೆದಿತ್ತು, ಆ ಕಡೆ ನೋಡಲಾಗಲಿಲ್ಲ.

"ಅವರನ್ಯಾಕ ಕೇಳ್ತಿ," ಎಂದಳು ದಾನೇಶ್ವರಿ. "ಆ ಹೆಗ್ಗಣಾನ ಕೇಳು."

ನಸ್ರೀನ್ ಅವಳ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಮುಚ್ಚಳಾ ತಗದ ಇರ್ಲಿ ಅಂತೈತಿ," ಎಂದೆ ನಾನು. "ಫ್ಯಾನ್ ತಿರಗಲಿ ಅಂತೈತಿ."

"ಮಳಿ ಬಂದ್ರ?"

"ಬರ್ಲಿ ಅಂತೈತಿ."