ಉಮರಬ್ಬ ಮಾಮ ಆರಿಸಿದ ಕಿಟಕಿ

ನಮ್ಮ ಮಾಳಿಗೆಗೆ ಹೊಸ ಕಿಟಕಿ ಆರಿಸಲು ಬಂದ ಗಂಡಸರಲ್ಲಿ ಒಬ್ಬರಾದರೂ ಅದರ ಹಿಂದೆ ಕೂರುವವರಲ್ಲ. ಹೆಂಗಸರ ಕೋಣೆ ಹತ್ತಿ ನೋಡುವುದು ಮರ್ಯಾದೆಯೂ ಅಲ್ಲ. ಹಾಗಾಗಿ ಆರಿಸುವ ಕೆಲಸವೆಲ್ಲ ಬೀದಿಯಲ್ಲೇ ಮುಗಿಯಿತು.

ಬಂದರಿನ ಆ ಮನೆಯನ್ನು ಮುತ್ತಜ್ಜ ಮಸೀದಿಯ ಹೆಸರಿಗೆ ವಕ್ಫ್ ಮಾಡಿದ್ದರು. ಹೆಣ್ಣುಮಕ್ಕಳ ಸಂತತಿ ಅಲ್ಲೇ ಬಾಳಬಹುದು, ಆದರೆ ಬೀದಿಗೆ ಕಾಣುವ ಮುಖ ಬದಲಾಗಕೂಡದು ಎಂಬುದು ಅವರ ಷರತ್ತು. ಜಮಾಅತಿನ ಹಿರಿಯರು ಆ ಮುಖವನ್ನು ಕಣ್ಣಲ್ಲಿ ಎಣ್ಣೆ ಹಾಕಿಕೊಂಡು ಕಾಯುತ್ತಿದ್ದರು. ಒಳಗೆ ಮಾಡು ಸೋರಿದರೆ ಮಾತ್ರ ಯಾರಿಗೂ ಕಿವಿ ಕೇಳುತ್ತಿರಲಿಲ್ಲ.

ಮಾಳಿಗೆಗಿದ್ದದ್ದು ಒಂದೇ ಕಿಟಕಿ. ಚೌಕಟ್ಟಿಗೆ ಜಡಿದ ಓರೆ ಪಟ್ಟಿಗಳ ಜಾಲರಿ, ತೆರೆಯುವ ಹಾಗಿಲ್ಲ. ಒಳಗಿದ್ದವರಿಗೆ ಬೀದಿ ಕಾಣುತ್ತಿತ್ತು, ಬೀದಿಯವರಿಗೆ ಒಳಗಿನದು ಕಾಣುತ್ತಿರಲಿಲ್ಲ. ಜ್ವರ ಬಂದು ಎರಡೂ ಕಾಲು ಬಿದ್ದುಹೋದ ಮೇಲೆ ನನ್ನ ಉಮ್ಮ ರುಖಿಯಾ ಅದರ ಪಕ್ಕದ ಮಂಚದಲ್ಲೇ ಇದ್ದರು. ಏಣಿಯಂಥ ಮೆಟ್ಟಿಲಲ್ಲಿ ಅವರನ್ನು ಇಳಿಸುವುದು ಆಗದ ಮಾತು.

ಉಮ್ಮ ದಿನವೂ ಕಾಯುತ್ತಿದ್ದದ್ದು ಒಬ್ಬರನ್ನು. ಅವರು ಕಾಕ ಎಂದು ಕರೆಯುವ ಅಣ್ಣ, ನನ್ನ ಉಮರಬ್ಬ ಮಾಮ. ನನ್ನನ್ನು ತನ್ನ ಮಗ ಯಾಹ್ಯಾನಿಗೆ ಕೊಡಲಿಲ್ಲವೆಂಬ ಸಿಟ್ಟಿನಲ್ಲಿ, ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಅಲ್ಲಾಹನ ಮೇಲೆ ಆಣೆಯಿಟ್ಟು ಹೋದವರು. ಆಣೆ ಇಟ್ಟದ್ದು ಹೊಸ್ತಿಲಿಗೆ ತಾನೇ, ಬೀದಿಗಲ್ಲವಲ್ಲ. ಸಂಜೆ ಅಸರ್ ನಮಾಜಿಗೆ ಹೋಗುವಾಗ ಕಿಟಕಿಯ ಕೆಳಗೆ ನಿಂತು, ಕೊಡೆ ಮಡಚಿ, ಮುಖ ಮೇಲೆತ್ತಿ ಸ್ವಲ್ಪ ಹೊತ್ತು ಇರುತ್ತಿದ್ದರು. ಮಳೆ ಹೊಯ್ದರೂ ಕೊಡೆ ಮಡಚುತ್ತಿದ್ದರು. ಉಮ್ಮ ಒಳಗಿನಿಂದ ಆ ಮುಖವನ್ನು ನೋಡಿ, "ಕಾಕ ಸ್ವಲ್ಪ ಬಡವಾಗಿದ್ದಾರೆ" ಎಂದೋ "ಇವತ್ತು ಗೆಲುವಾಗಿದ್ದಾರೆ" ಎಂದೋ ಹೇಳಿ ಚಾ ಕುಡಿಯುತ್ತಿದ್ದರು.

ಐವತ್ತೆಂಟರ ಮಳೆಗಾಲದಲ್ಲಿ ಜಾಲರಿಗೆ ಒರಲೆ ಹಿಡಿದು ಮರ ಪುಡಿಯಾಯಿತು. ಬಿಜೈಯ ಆಚಾರಿ ನೋಣಯ್ಯ ಎರಡು ಮಾದರಿ ಮಾಡಿ ತಂದ. ಒಂದು ಹಳೆಯದರ ಹಾಗೆ ತೆಳು ಪಟ್ಟಿಯದು. ಇನ್ನೊಂದು ದಪ್ಪ ಸಾಗುವಾನಿ ಪಟ್ಟಿಯದು, ಒಂದರ ಮೇಲೊಂದು ಒತ್ತಿ ಕೂತದ್ದು. ಬೀದಿಯಿಂದ ನೋಡಿದರೆ ಎರಡೂ ಒಂದೇ. ಆರಿಸುವ ಹಿರಿಯರಲ್ಲಿ ಮಾಮನೂ ಇದ್ದರು. ನಾನು, ಉಮ್ಮ ಮೇಲಿನಿಂದ ಎಲ್ಲವನ್ನೂ ನೋಡಿದೆವು.

ಮಾಮ ಹೊರಬದಿಯಿಂದ ದಪ್ಪ ಮಾದರಿಗೆ ಕಣ್ಣು ತಾಗಿಸಿದರು; ತಿರುಗಿಸಿ ಒಳಬದಿಯಿಂದ ನೋಡಲಿಲ್ಲ. "ಎಂತದೂ ಕಾಣುವುದಿಲ್ಲ" ಎಂದರು, ಸಂತೋಷದಿಂದ. "ಇದೇ ಇರಲಿ. ಇದರ ಹಿಂದೆ ನನ್ನ ತಂಗಿ ಕೂತುಕೊಳ್ಳುವುದು. ಹೋಗುವವರ ಬರುವವರ ಕಣ್ಣು ಬೀಳಬಾರದು. ಮರ ಒಳ್ಳೇದಾಗ್ಬೇಕು ಮಾರಾಯ, ನಾನು ಹೋದ ಮೇಲೂ ನಿಲ್ಬೇಕು."

ನಾನು ಕೂಗಲೆಂದು ಬಾಯಿ ತೆರೆದೆ. ಉಮ್ಮ ಅಂಗೈಯಿಂದ ಮುಚ್ಚಿದರು. ಹೆಂಗಸಿನ ಸ್ವರ ಬೀದಿಗೆ ಬಿದ್ದರೆ ಮನೆಯ ಮಾನ ಹೋಗುತ್ತದಂತೆ.

ಅಂದು ಊಟದ ಹೊತ್ತಿಗೆ ನನ್ನ ಗಂಡ ಜಮಾಲುದ್ದೀನರಿಗೆ ಹೇಳಿದೆ. "ತೆಳು ಪಟ್ಟಿಯದು ಬೇಕೂಂತ ಹೇಳಿ. ದಪ್ಪದ್ದು ಹಾಕಿದ್ರೆ ಉಮ್ಮನಿಗೆ ಬೀದಿ ಕಾಣುವುದಿಲ್ಲ."

"ಹಿರಿಯರ ಎದುರು ಹೇಗೆ ಹೇಳುವುದು?" ಎಂದರು ಅವರು. "ನಮ್ಮ ಮನೆಯ ಹೆಂಗಸರು ಬೀದಿ ನೋಡ್ತಾ ಕೂತುಕೊಳ್ತಾರೆ ಅಂತಲಾ? ನಾನು ಹೆಂಡತಿ ಮನೆಯಲ್ಲಿರುವ ಅಳಿಯ. ನನಗೆ ಅಲ್ಲಿ ಎಂತ ಬಾಯಿ ಉಂಟು?"

ಮೀನಿನ ಸಾರಿಗೆ ಮಾತ್ರ ಆ ಬಾಯಿ ಚೆನ್ನಾಗಿ ತೆರೆಯುತ್ತಿತ್ತು. ಉಮ್ಮನೂ ನನ್ನನ್ನೇ ಗದರಿದರು. "ಕಾಕ ಪ್ರೀತಿಯಿಂದ ಆರಿಸಿದ್ದು. ಸುಮ್ಮನಿರು ಮುನೀರಾ."

ಹೊಸ ಕಿಟಕಿ ಕೂತಿತು. ಬೀದಿಯಲ್ಲಿ ಹಿರಿಯರು ಹೊಗಳಿದ್ದೇ ಹೊಗಳಿದ್ದು, ಮುತ್ತಜ್ಜನ ಕಾಲದ್ದೇ ಅನ್ನಬೇಕು ಎಂದರು. ಒಳಗೆ ಮಧ್ಯಾಹ್ನಕ್ಕೂ ದೀಪ ಬೇಕಾಯಿತು. ಅಸರಿನ ಬಾಂಗ್ ಕೇಳಿದಾಗ ಉಮ್ಮ ಮೊದಲಿನಂತೆ ಆ ಕಡೆ ತಿರುಗುತ್ತಿದ್ದರು. ಕೆಳಗೆ ಕೊಡೆ ಮಡಚುವ ಟಪ್ ಎಂಬ ಸದ್ದು. ಮತ್ತೆ ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಮೆಟ್ಟಿನ ಸಪ್ಪಳ. ಬಡವಾಗಿದ್ದಾರೆಯೇ, ಗೆಲುವಾಗಿದ್ದಾರೆಯೇ, ಉಮ್ಮ ಮತ್ತೆ ಎಂದೂ ಹೇಳಲಿಲ್ಲ. ಚಾ ಆರುತ್ತಿತ್ತು. ನನಗೆ ಆ ಮರವನ್ನು ಕಂಡರೆ ಮೈ ಉರಿಯುತ್ತಿತ್ತು.

ಎರಡು ಮಳೆಗಾಲ ಹೀಗೇ ಹೋಯಿತು. ಮಾಮ ಕಾಯಿಲೆ ಬಿದ್ದು ಮಲಗಿದರು. ಒಂದು ದಿನ ಯಾಹ್ಯಾ ನಮ್ಮ ಅಂಗಳಕ್ಕೆ ಬಂದು ಹೇಳಿದ. "ಬಾಪನಿಗೆ ಇನ್ನು ಆಗುವುದಿಲ್ಲ. ಇಟ್ಟ ಆಣೆ ಮುರಿಯಲಾರೆ ಅಂತಾರೆ. ಸತ್ತ ಮೇಲೆ ತನ್ನ ಮಯ್ಯತ್ತು ಮಸೀದಿಗೆ ಹೋಗುವಾಗ ಕಿಟಕಿಯ ಕೆಳಗೆ ಸ್ವಲ್ಪ ನಿಲ್ಲಿಸ್ಬೇಕಂತೆ. ರುಖಿಯಾ ನೋಡಲಿ ಅಂದ್ರು."

ನಾನು ಮೇಲೆ ಹೋಗಿ ಉಮ್ಮನಿಗೆ ಹೇಳಿದೆ. "ಕಾಣುವುದಿಲ್ಲ ಅಂತ ಹೇಳಿ ಕಳಿಸ್ಲಾ?"

"ಸಾಯುವವರ ಹತ್ರ ಅದನ್ನು ಹೇಳುವುದಾ? ನೋಡ್ತೇನೆ ಅಂತ ಹೇಳು."

ಶುಕ್ರವಾರ ಬೆಳಿಗ್ಗೆ ಬೀದಿಯ ತುದಿಯಲ್ಲಿ ಮಾಮನ ಮಯ್ಯತ್ತು ಹೊತ್ತ ಗಂಡಸರ ದಿಕ್ರ್, ಅಲ್ಲಾಹನ ನಾಮಸ್ಮರಣೆ, ಕೇಳಿತು. ನಾನು ಅಡುಗೆಮನೆಯ ಕತ್ತಿ ತಂದು ಪಟ್ಟಿಯ ಸಂದಿಗೆ ತುರುಕಿದೆ. ಒಂದು ಪಟ್ಟಿ ಎದ್ದರೆ ಸಾಕಿತ್ತು. ಕತ್ತಿ ಜಾರಿತು, ಮರಕ್ಕೆ ಒಂದು ಗೀರು ಬಿತ್ತು, ಅಷ್ಟೇ. ನಾನು ಅತ್ತೆ. ಕತ್ತಿ ಕೆಳಗಿಡು ಎಂದು ಉಮ್ಮ ಕೈಯಲ್ಲೇ ಸನ್ನೆ ಮಾಡಿದರು.

ಕಿಟಕಿಯ ಕೆಳಗೆ ಹೆಜ್ಜೆಗಳು ನಿಂತವು. ದಿಕ್ರ್ ಕೂಡ ನಿಂತಿತು. ಉಮ್ಮ ತಲೆಯ ಬಟ್ಟೆ ಸರಿಮಾಡಿಕೊಂಡು, ಕತ್ತಲಲ್ಲಿ ಜಾಲರಿಗೆ ಹಣೆ ತಾಗಿಸಿ ಕೂತರು. ಹಾಗೇ ಕೈಯೆತ್ತಿ ಗೀರು ಬಿದ್ದ ಜಾಗವನ್ನು ನಿಧಾನವಾಗಿ ಸವರಿದರು.

ಕೆಳಗೆ ಮತ್ತೆ ಹೆಜ್ಜೆಗಳು ಹೊರಟವು.

"ಒಳ್ಳೆ ಮರ ಮುನೀರಾ" ಎಂದರು ಉಮ್ಮ. "ಎಂತ ಒಳ್ಳೆ ಮರ ಆರಿಸಿದ್ದಾರೆ ನೋಡು ಕಾಕ."