ಹಡಗಿನಲ್ಲಿ ಬಂದ ಬೆಣ್ಣೆಯ ಹಳದಿ

ಬಲಗಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬೆಣ್ಣೆ ಮೇಷ್ಟ್ರಿಗೆ ಜಗತ್ತು ಎರಡಾಗಿ ಕಾಣತೊಡಗಿತ್ತು. ಎಡಗಣ್ಣು ಮುಚ್ಚಿದರೆ ಎದುರಿನ ಗೋಡೆ ಈಗಷ್ಟೇ ತೊಳೆದಿಟ್ಟಂತೆ ಬೆಳ್ಳಗೆ. ಬಲಗಣ್ಣು ಮುಚ್ಚಿದರೆ ಅದೇ ಗೋಡೆಯ ಮೇಲೆ ಮುಗಿಯದ ಒಂದು ಹಳದಿ ಸಂಜೆ. "ಹತ್ತು ಹದಿನೈದು ವರ್ಷದಿಂದ ಬೆಳೆದಿದೆ ಇದು. ಇಷ್ಟು ದಿನ ಹೇಗೆ ಓಡಾಡಿಕೊಂಡಿದ್ರಿ?" ಎಂದು ವೈದ್ಯರು ಕೇಳಿದ್ದರು. ಎಡಗಣ್ಣಿನ ಸರದಿ ಇನ್ನೂ ಒಂದು ತಿಂಗಳಾಚೆಗಿತ್ತು.

ಊಟದ ಮೇಜಿನ ಮುಂದೆ ಕೂತು ಒಂದೊಂದೇ ಕಣ್ಣು ಮುಚ್ಚಿ ತೆರೆಯುತ್ತಿದ್ದವರನ್ನು ನೋಡಿ ಹೆಂಡತಿ, "ಯಾರಿಗ್ರೀ ಕಣ್ಣು ಹೊಡೀತಿದ್ದೀರಿ, ಈ ವಯಸ್ಸಲ್ಲಿ?" ಎಂದಳು.

"ನಿನಗೇ. ತಲೆ ಪೂರ್ತಿ ಬೆಳ್ಳಗಾಗಿದೆಯಲ್ಲೇ, ಯಾವಾಗ ಆಯ್ತು?"

"ಹತ್ತು ವರ್ಷ ಆಯ್ತು. ನೀವು ನೋಡಿದ್ರೆ ತಾನೇ?"

ನಲವತ್ತು ವರ್ಷ ಮೇಷ್ಟ್ರು ಮುದ್ರಣಾಲಯವೊಂದರಲ್ಲಿ ಬಣ್ಣ ಕಲಸಿದವರು. ಯಾರಿಗೂ ಪಾಠ ಹೇಳಿದವರಲ್ಲ. ತಗಡಿನ ಡಬ್ಬಿಗಳಲ್ಲಿ, ಹಡಗು ಹತ್ತಿ ಬರುತ್ತಿದ್ದ ಪರದೇಶದ ಬೆಣ್ಣೆಯೊಂದರ ಜಾಹೀರಾತಿಗೆ ಅವರು ಕಲಸುತ್ತಿದ್ದ ಹಳದಿಯೇ ಈ ಹೆಸರನ್ನು ತಂದುಕೊಟ್ಟಿತ್ತು. ಮೊದಮೊದಲು ಕಂಪನಿ ಪೋಸ್ಟರುಗಳನ್ನೂ ಬೆಣ್ಣೆಯ ಜೊತೆಗೇ ಕಳಿಸುತ್ತಿತ್ತಂತೆ. ಹಡಗಿನ ಹೊಟ್ಟೆಯ ತೇವಕ್ಕೆ ಅವು ಒಂದಕ್ಕೊಂದು ಅಂಟಿ ಹಲಗೆಯಾಗುತ್ತಿದ್ದವು. ಕೊನೆಗೆ ಬೆಣ್ಣೆ ಅಲ್ಲಿಂದ ಬರಲಿ, ಅದರ ಕನಸು ಇಲ್ಲೇ ಅಚ್ಚಾಗಲಿ ಎಂದು ತೀರ್ಮಾನವಾಯಿತು. ಇಲ್ಲಿಯ ಮೊದಲ ಪೋಸ್ಟರಿನಲ್ಲಿ ಒಂದು ಹಸು. ಆ ದೇಶದ ಹಸುವನ್ನು ಕಂಡಿರದ ಚಿತ್ರಕಾರ ತನ್ನ ಅತ್ತೆಯ ಮುಖ ನೆನೆದು ಬರೆದನೆಂದು ಮುದ್ರಣಾಲಯದ ತುಂಬ ನಗೆ. "ನಮ್ಮ ಹಸುಗಳು ನಗುವುದಿಲ್ಲ" ಎಂದು ಕಂಪನಿಯಿಂದ ಕಾಗದ ಬಂತು. ಹಸು ಹೋಗಿ ಕಿಟಕಿ ಬಂತು.

ಕಿಟಕಿಯ ಬಳಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ನಿಂತ ಹೆಂಗಸು. ಆಚೆ, ಯಾರೂ ನಡೆದಿರದ ಹುಲ್ಲುಗಾವಲು. ಅಲ್ಲಿಂದ ಒಳಗಿಳಿದ ಬೆಳಕಿಗೂ ಚಾಕುವಿನ ತುದಿಯ ಬೆಣ್ಣೆಗೂ ಒಂದೇ ಹಳದಿ. ಬೆಳಗೇ ಕರಗಿ ಡಬ್ಬಿಗೆ ಇಳಿಯಿತೋ, ಡಬ್ಬಿ ತೆರೆದದ್ದಕ್ಕೆ ಬೆಳಗಾಯಿತೋ ಹೇಳಲಾಗದಂತೆ. ಇಪ್ಪತ್ತೆರಡು ವರ್ಷ ಆ ಪೋಸ್ಟರು ಅಚ್ಚಾಯಿತು. ಕಾಲಕ್ಕೆ ತಕ್ಕಂತೆ ಹೆಂಗಸಿನ ಅಂಗಿಯ ತೋಳು ಗಿಡ್ಡವಾಯಿತು, ಉದ್ದ ಕೂದಲು ಭುಜಕ್ಕೇರಿತು. ಹಳದಿ ಮಾತ್ರ ಕದಲಲಿಲ್ಲ. ಡಬ್ಬಿಯೊಳಗಿನ ಬೆಣ್ಣೆ ಅಷ್ಟು ಹಳದಿಯಾಗಿ ಎಂದೂ ಇರಲಿಲ್ಲ. ಆದರೂ ತಿಂದವರು ತಾವು ತಿಂದದ್ದು ಆ ಕಿಟಕಿಯ ಬೆಳಕನ್ನೇ ಎಂದು ನಂಬಿದರು. ಬಣ್ಣದ ಮಾದರಿ ಚೀಟಿ ಇಟ್ಟುಕೊಳ್ಳಿ ಎಂದವರಿಗೆ ಮೇಷ್ಟ್ರು ತಮ್ಮ ಕಣ್ಣು ತೋರಿಸುತ್ತಿದ್ದರು: "ಮಾದರಿ ಇಲ್ಲಿದೆ."

ಕೊನೆಯ ವರ್ಷದ ಅಚ್ಚು ಬಿಳಿಚಿಕೊಂಡಿದೆಯೆಂದು ಕಂಪನಿ ಕಟ್ಟುಗಳನ್ನೆಲ್ಲ ಹಿಂದಕ್ಕೆ ಕಳಿಸಿತು. ಮತ್ತೆ ಆ ಕೆಲಸ ಬರಲಿಲ್ಲ. ಮೇಷ್ಟ್ರ ಕಣ್ಣಿಗೆ ಹಳದಿ ಸರಿಯಾಗಿಯೇ ಇತ್ತು. "ಬಣ್ಣ ನಂದು ಸರಿಯಿದೆ. ಬಿಳಿಚಿದ್ರೆ ಅದು ಶಾಯಿ ಜೊತೆ ಯಂತ್ರಕ್ಕೆ ನೀರು ಜಾಸ್ತಿ ಬಿಟ್ಟಿದ್ದಕ್ಕೆ" ಎಂದು ಎಲ್ಲರ ಎದುರು ಹೇಳಿಬಿಟ್ಟರು. ಯಂತ್ರ ನಡೆಸುತ್ತಿದ್ದವನು ಹೆಂಡತಿಯ ಒಬ್ಬನೇ ತಮ್ಮ. ಮೇಷ್ಟ್ರೇ ಕೆಲಸಕ್ಕೆ ಕರೆತಂದವನು. ಅವನನ್ನು ಯಂತ್ರದಿಂದ ತೆಗೆದು ಕಟ್ಟು ಕಟ್ಟುವಲ್ಲಿಗೆ ಹಾಕಿದರು. ತಿಂಗಳೊಳಗೆ ಅವನು ಕೆಲಸ ಬಿಟ್ಟ. ಅಕ್ಕನ ಮನೆಯ ಹೊಸಿಲು ತುಳಿಯದೆ ಹನ್ನೊಂದು ವರ್ಷವಾಗಿತ್ತು. ಆಕೆ ಒಬ್ಬಳೇ ತಮ್ಮನಲ್ಲಿಗೆ ಹೋಗಿ ಬರುತ್ತಿದ್ದಳು. ಬಂದ ದಿನ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ತುಸು ಹೆಚ್ಚಿರುತ್ತಿತ್ತು.

ಈಗ ಬೆಣ್ಣೆ ಕಂಪನಿಗೆ ನೂರು ವರ್ಷ ತುಂಬಿತ್ತು. ಕಂಪನಿಯ ಕಡೆಯಿಂದ, ಮಗಳ ವಯಸ್ಸಿನ ಅಧಿಕಾರಿಣಿಯೊಬ್ಬಳು ಮನೆಗೇ ಬಂದಳು.

"ಹಳೇ ಜಾಹೀರಾತುಗಳ ಪ್ರದರ್ಶನ ಇಡ್ತಿದ್ದೀವಿ ಸರ್. ಕಿಟಕಿ ಪೋಸ್ಟರ್ ಮತ್ತೆ ಅಚ್ಚು ಹಾಕಿಸ್ಬೇಕು. ಆದ್ರೆ ಸಿಕ್ಕಿದ ಮೂರು ಪ್ರತಿಯಲ್ಲೂ ಮೂರು ಬಣ್ಣ. ಯಾವುದು ನಿಜ?"

ಒಂದು ಪ್ರತಿ ಬ್ರೆಡ್ ಅಂಗಡಿಯ ಹೊಗೆಗೆ ಕಂದಿತ್ತು. ಇನ್ನೊಂದರ ಹಳದಿಯನ್ನು ಗಾಜಿನ ಹಿಂದಿನ ಬಿಸಿಲು ತಿಂದುಹಾಕಿತ್ತು. ಮೂರನೆಯದು ಕೊನೆಯ ವರ್ಷದ ಅಚ್ಚು. ಮುಚ್ಚಿದ ಕೊಳವೆಯಲ್ಲಿ ಸುತ್ತಿಟ್ಟದ್ದು, ಬೆಳಕನ್ನೇ ಕಂಡಿರಲಿಲ್ಲ.

"ಯಾವುದೂ ಅಲ್ಲಮ್ಮ. ಬಿಟ್ಟು ಹೋಗಿ. ನಾನು ಕಲಸಿ ತೋರಿಸ್ತೀನಿ."

ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಗಾಜಿನ ಹಲಗೆ ಹಾಕಿ, ಹಳದಿಗೆ ಬಿಳಿಯನ್ನು, ಉಗುರಿನಷ್ಟು ಕೆಂಪನ್ನು ಸೇರಿಸಿ ಚಾಕುವಿನಲ್ಲಿ ಕಲಸತೊಡಗಿದರು. ಹೊಸ ಕಣ್ಣಿನ ಮೇಲೆ ಭರವಸೆ ಬರಲಿಲ್ಲ. ಅದನ್ನು ಅಂಗೈಯಿಂದ ಮುಚ್ಚಿ, ಇಷ್ಟು ವರ್ಷ ಜೊತೆಗಿದ್ದ ಎಡಗಣ್ಣನ್ನೇ ನೆಚ್ಚಿದರು. ಕೈ ತಾನಾಗಿ ಒಂದು ಕಡೆ ನಿಂತಿತು. ಅದೇ ಬೆಳಗು, ಅದೇ ಹುಲ್ಲಿನ ಮೇಲಿನ ಮೌನ. ಕಾಗದಕ್ಕೆ ಸವರಿ, ಅಂಗೈ ತೆಗೆದು ನೋಡಿದರು.

ಕಾಗದದ ಮೇಲಿದ್ದದ್ದು ಜ್ವರ ಬಿಟ್ಟವರ ಮುಖದ ಬಣ್ಣ. ಮೂರನೆಯ ಪ್ರತಿಯನ್ನು ಬಿಚ್ಚಿ ಪಕ್ಕಕ್ಕಿಟ್ಟರು. ಎರಡೂ ಒಂದೇ ತಾಯಿಯ ಮಕ್ಕಳಂತಿದ್ದವು.

ವರ್ಷಗಟ್ಟಲೆ ಆ ಕಿಟಕಿಯಾಚೆ ಮನಸ್ಸಿನಲ್ಲೇ ಅಡ್ಡಾಡಿದ್ದರು. ಅಲ್ಲಿ ಹೊತ್ತು ಇಳಿದು ಹಳದಿ ಗಾಢವಾಗುತ್ತ ಬಂದದ್ದು ತಮ್ಮ ಕಣ್ಣಿನ ಪೊರೆಯಿಂದ ಎಂದು ತಿಳಿಯದೆ, ಪ್ರತಿ ಸಲವೂ ಹಳದಿಯನ್ನು ಒಂದಿಷ್ಟು ಕಡಿಮೆ ಹಾಕುತ್ತ ಹೋಗಿದ್ದರು.

"ನೀರು ಸರಿಯಾಗಿತ್ತು ಕಣೇ" ಎಂದರು ಹೆಂಡತಿಗೆ.

ಆಕೆ ಎರಡೂ ಹಾಳೆಗಳನ್ನು ನೋಡಿದಳು. ಸೆರಗಿನಿಂದ ಕೈ ಒರೆಸಿಕೊಂಡಳು. "ನಾನು ಜೊತೆಗೆ ಬರಲ್ಲ. ಒಬ್ರೇ ಹೋಗಿ."

ಭಾವಮೈದುನ ಹೊಲಿಗೆ ಯಂತ್ರ ರಿಪೇರಿಯ ಸಣ್ಣ ಅಂಗಡಿ ಇಟ್ಟುಕೊಂಡಿದ್ದ. ಬಾಗಿಲಲ್ಲಿ ನೆರಳು ಬಿದ್ದಾಗ ತಲೆಯೆತ್ತಿದ, ಏಳಲಿಲ್ಲ.

"ಅಕ್ಕ ಹುಷಾರಾಗಿದ್ದಾಳೆ ತಾನೇ?"

"ಅವಳಿಗೇನಾಗಿಲ್ಲ. ಆಗಿರೋದು ನಂಗೆ." ಮೇಷ್ಟ್ರು ಹಾಳೆಗಳನ್ನು ಅವನ ಮುಂದೆ ಹರಡಿದರು. "ತಪ್ಪು ನನ್ನ ಕಣ್ಣಿಂದು. ನಿನ್ನ ನೀರು ಸರಿಯಾಗಿತ್ತು."

"ಗೊತ್ತು. ಶಾಯಿ ಬಟ್ಟಲು ನೋಡಿದಾಗ್ಲೇ ಗೊತ್ತಾಗಿತ್ತು."

"ಅವತ್ತೇ ಹೇಳ್ಬಾರ್ದಾಗಿತ್ತೇನಯ್ಯಾ?"

"ಹೇಳಿದ್ರೆ ನಿಮ್ಮನ್ನ ಕುರುಡು ಮೇಷ್ಟ್ರು ಅಂತ ಮನೆಗೆ ಕಳಿಸ್ತಿದ್ರು. ನೀವೇ ಒಪ್ಕೋತೀರಿ ಅಂತ ಕಾದೆ. ನೀವು ನೋಡಿದ್ರೆ, ಬೇಕೂಂತಲೇ ನನ್ನ ತಲೆಗೆ ಕಟ್ಟಿದ್ರಿ."

"ಬೇಕೂಂತ ಅಲ್ಲ ಕಣೋ. ನಂಗೆ ಕಾಣಿಸ್ಲೇ ಇಲ್ಲ."

ಅವನು ಕೈಯಲ್ಲಿದ್ದ ಸೂಜಿಯನ್ನು ಕೆಳಗಿಟ್ಟ. ಹನ್ನೊಂದು ವರ್ಷ ಹೊತ್ತು ತಿರುಗಿದ ಸಿಟ್ಟನ್ನು ಎಲ್ಲಿ ಇಳಿಸುವುದೆಂದು ತಿಳಿಯದವನಂತೆ ಅಂಗಡಿಯ ಸುತ್ತ ನೋಡಿದ.

"ಅವತ್ತು ಅಷ್ಟು ಜನರ ಮುಂದೆ ಹೇಳಿದ್ರಿ. ಇವತ್ತು ನಂಗೊಬ್ಬನಿಗೆ ಬಂದು ಹೇಳ್ತೀರಿ. ಲೆಕ್ಕ ಸರಿಹೋಯ್ತಾ, ಭಾವ?"

ಮೇಷ್ಟ್ರು ಹಾಳೆ ಸುತ್ತಿಕೊಂಡು ಮನೆಗೆ ಬಂದರು. ಬಂದವರೇ ಎಡಗಣ್ಣಿಗೆ ಬಟ್ಟೆ ಕಟ್ಟಿ, ಹೊಸ ಕಣ್ಣಿನಿಂದ ಮತ್ತೆ ಕಲಸಲು ಕೂತರು.

ಪ್ರದರ್ಶನದ ದಿನ ಉದ್ದನೆಯ ಕೋಣೆಯ ಗೋಡೆಯ ಮೇಲೆ ನಗುವ ಹಸುವಿನಿಂದ ಹಿಡಿದು ಎಲ್ಲವೂ ಸಾಲಾಗಿದ್ದವು. ಹೊಸ ಅಚ್ಚಿನ ಕಿಟಕಿಯ ಮುಂದೆ ಜನ ಸುಮ್ಮನೆ ನಿಂತುಬಿಡುತ್ತಿದ್ದರು. ಅವರ ಮುಖಗಳ ಮೇಲೂ ಒಂದಿಷ್ಟು ಬೆಳಗು ಬಿದ್ದಂತಿತ್ತು. ಮುದ್ರಣಾಲಯದ ಹಳಬರೆಲ್ಲ ಬಂದಿದ್ದರು. "ಈ ಹಳದಿಯ ಚರಿತ್ರೆ ನಾಲ್ಕು ಮಾತಲ್ಲಿ ಹೇಳಿ ಸರ್" ಎಂದಳು ಅಧಿಕಾರಿಣಿ.

ಮೇಷ್ಟ್ರು ಆ ಬೆಳಗನ್ನು ದಾಟಿ, ಸಾಲಿನ ಕೊನೆಯಲ್ಲಿದ್ದ ಬಿಳಿಚಿದ ಪ್ರತಿಯ ಬಳಿಗೆ ಹೋಗಿ ನಿಂತರು. ಮುಂದಿನ ಸಾಲಿನ ಕುರ್ಚಿಯಲ್ಲಿ ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು.

"ಇದು ಕೆಟ್ಟದ್ದು ಯಂತ್ರದಿಂದ ಅಲ್ಲ" ಎಂದರು. ಆ ಪ್ರತಿಯ ಕಡೆಗೇ ತಿರುಗಿ ಮುಂದುವರಿಸಿದರು: "ಬಣ್ಣ ಕಲಸಿದವನು ನಾನು. ತಪ್ಪು ನನ್ನದು."

ಬಾಗಿಲ ಬಳಿ, ಒಳಗೆ ಬರಲೂ ಮನಸ್ಸಿಲ್ಲದೆ ಹೋಗಲೂ ಮನಸ್ಸಿಲ್ಲದೆ ನಿಂತಿದ್ದವನೊಬ್ಬ ಕೈಯ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಜೋರಾಗಿ ಹೇಳಿ, ಭಾವ. ಹಿಂದೆ ನಿಂತವರಿಗೆ ಕೇಳಿಸ್ತಿಲ್ಲ."

ಹೆಂಡತಿ ತಲೆಯೆತ್ತಿದಳು. ಮೇಷ್ಟ್ರು ಉಸಿರೆಳೆದುಕೊಂಡು, ಅದೇ ಮಾತನ್ನು ಇನ್ನೊಮ್ಮೆ, ಕೋಣೆಯಾಚೆಗೂ ಕೇಳುವಂತೆ ಹೇಳಿದರು.