ಟೆಸ್ಟರ್ ಮಾರಿದ ಷೇರು

ಮಂಚದಿಂದ ಹೆಣವನ್ನು ಇಳಿಸುವ ಹೊತ್ತಿಗೆ ಸರಿಯಾಗಿ ಲೇತಣ್ಣ ಬಾಗಿಲಲ್ಲಿ ಕಾಣಿಸಿಕೊಂಡ. “ಬನ್ನಿ, ಕಾಲು ಹಿಡೀರಿ,” ಎಂದರು ಯಾರೋ. ದೂರದಿಂದ ನೋಡಿ ಹೊರಟುಬಿಡಬೇಕೆಂದು ಬಂದಿದ್ದವನು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಗೆಳೆಯನ ಕಾಲನ್ನೇ ಹಿಡಿಯಬೇಕಾಯಿತು.

ಸತ್ತವನು ಪಂಪ್ ಕಾರ್ಖಾನೆಯ ಟೆಸ್ಟರ್. ಲೇತಣ್ಣ ಅಲ್ಲೇ ಲೇತ್ ಮಷೀನಿನ ಮುಂದೆ ಆಯುಷ್ಯ ಸವೆಸಿದವನು. ಅಂಗಳದ ಬೆಂಚಿನಲ್ಲಿ ಕಾರ್ಖಾನೆಯ ಹಳಬರು ಕೂತಿದ್ದರು. ಅವನೂ ಹೋಗಿ ಕೂತ.

“ಒಳ್ಳೇ ಮನುಷ್ಯ,” ಎಂದ ಪೇಂಟಿಂಗಿನವ.

“ಒಳ್ಳೆಯವನೇ. ನಮ್ಮನ್ನ ಮಾತ್ರ ಮುಳುಗಿಸಿ ಹೋದ,” ಎಂದ ಪ್ಯಾಕಿಂಗಿನವ.

ಲೇತಣ್ಣನ ಹೊಟ್ಟೆಯಲ್ಲಿದ್ದ ಮಾತೂ ಅದೇ ಆಗಿತ್ತು.

*

ಕಂಪನಿ ಕೆಲಸಗಾರರಿಗೂ ಷೇರು ಕೊಟ್ಟಿತ್ತು. ಷೇರೆಂದರೇನು ಎಂದು ಶೆಡ್ಡಿನಲ್ಲಿ ಯಾರಿಗೂ ನೆಟ್ಟಗೆ ಗೊತ್ತಿರಲಿಲ್ಲ. ಟೆಸ್ಟರ್ ಇಟ್ಟುಕೊಂಡಿದ್ದಾನೆ, ನಾವೂ ಇಟ್ಟುಕೊಳ್ಳೋಣ ಎಂದು ಇಟ್ಟುಕೊಂಡಿದ್ದರು. ಓಡುವ ಪಂಪಿನ ಮೇಲೆ ಅಂಗೈ ಇಟ್ಟು ಅದರ ಐಬು ಹೇಳುವವನಿಗೆ ಕಂಪನಿಯ ಐಬು ತಿಳಿಯದೇ? ಹಾಗಾಗಿ ಅವನು ಅಷ್ಟನ್ನೂ ಮಾರಿದ ಸುದ್ದಿ ಬಂದಾಗ ಎಲ್ಲರೂ ಗಾಬರಿಬಿದ್ದರು.

“ಪಂಪಲ್ಲಿ ಏನಾದ್ರೂ ಎಡವಟ್ಟಾಗಿದ್ಯಾ?” ಲೇತಣ್ಣ ಕೇಳಿದ.

“ಏನಿಲ್ಲಪ್ಪ. ಚೆನ್ನಾಗೇ ಇದೆ.”

“ಮತ್ಯಾಕೆ ಮಾರ್ದೆ?”

“ಬೇಕಿತ್ತು. ನೀನು ಮಾರ್ಬೇಡ.”

ಏನೋ ಬಚ್ಚಿಡುತ್ತಿದ್ದಾನೆ ಎಂದುಕೊಂಡು ಎಲ್ಲರೂ ಸಿಕ್ಕ ಬೆಲೆಗೆ ಮಾರಿದರು. ಆಮೇಲೆ ಷೇರು ಏರಿತು, ಏರುತ್ತಲೇ ಹೋಯಿತು. ಮನೆ ಕಟ್ಟಬೇಕೆಂದಿದ್ದ ಲೇತಣ್ಣ ಬಾಡಿಗೆ ಮನೆಯಲ್ಲೇ ಮುದುಕನಾದ. ದಿನಾ ಒಂದೇ ಬಸ್ಸಿನಲ್ಲಿ ಅವನ ಪಕ್ಕ ಕೂತು ಬರುತ್ತಿದ್ದ ಟೆಸ್ಟರ್, ಷೇರು ಮಾರಿದಾಗಿನಿಂದ ಬೇರೆ ಬಸ್ಸಿಗೆ ಹೋಗತೊಡಗಿದ್ದ. ಮುಖ ತೋರಿಸಲಾರದೆ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ಲೇತಣ್ಣ ಮಾತೇ ಬಿಟ್ಟ.

*

ಟೆಸ್ಟರನ ಮಗ ಬೆಂಚಿನವರಿಗೆ ನೀರು ತಂದುಕೊಟ್ಟ. ಅವರ ಮಾತು ಅವನ ಕಿವಿಗೂ ಬಿದ್ದಿತ್ತು.

“ಮಾಮ, ಆ ಷೇರು ಮಾರಿದ್ದು ನನಗೋಸ್ಕರ,” ಎಂದ ಲೇತಣ್ಣನಿಗೆ. “ಆಗ ನಾನು ಬೇರೆ ಊರಲ್ಲಿ ಕೆಲಸಕ್ಕೆ ಸೇರಿದೀನಿ ಅಂತ ಅಪ್ಪ ಹೇಳಿದ್ರಲ್ಲ. ಕೆಲಸ ಅಲ್ಲ, ಕುಡಿತ ಬಿಡಿಸೋ ಆಸ್ಪತ್ರೇಲಿದ್ದೆ.”

ಪ್ಯಾಕಿಂಗಿನವ ನೆಲ ನೋಡಿದ.

“ನನ್ನ ಹತ್ರನಾದ್ರೂ ಒಂದ್ ಮಾತು ಹೇಳ್ಬಹುದಿತ್ತಲ್ಲೋ,” ಎಂದ ಲೇತಣ್ಣ.

“ಯಾರಿಗೂ ಹೇಳ್ಬಾರ್ದು ಅಂತ ನಾನೇ ಆಣೆ ಹಾಕಿಸ್ಕೊಂಡಿದ್ದೆ.”

ಬಾಗಿಲಿಗೊರಗಿ ನಿಂತಿದ್ದ ತಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಬಸ್ಸಲ್ಲಿ ಪಕ್ಕ ಕೂತ್ರೆ ನಿಮ್ಮ ಹತ್ರ ಬಾಯಿ ಬಿಟ್ಬಿಡ್ತೀನಿ ಅಂತ ಭಯ ಅವರಿಗೆ. ಅದಕ್ಕೇ ಬಸ್ಸು ಬದಲಾಯಿಸಿದ್ದು, ಅಣ್ಣ. ದಿನಾ ಮನೆಗೆ ಬಂದು, ಇವತ್ತೂ ಅವನು ಮಾತಾಡಿಸ್ಲಿಲ್ಲ ಅನ್ನೋರು.”

ಗೆಳೆಯ ಬಾಯಿಬಿಟ್ಟು ಮಾರಬೇಡ ಎಂದದ್ದನ್ನು ನಂಬದೆ, ಲೇತಣ್ಣ ಅವನು ಮಾರಿದ್ದನ್ನು ನಂಬಿದ್ದ. ತನ್ನಂಥ ದಡ್ಡ ಇನ್ನೊಬ್ಬನಿಲ್ಲ ಅನ್ನಿಸಿತು. ಮನೆ ಹೋದರೆ ಹೋಗಲಿ, ಆ ಬೇರೆ ಬಸ್ಸನ್ನು ಒಂದು ದಿನವಾದರೂ ಹತ್ತಿ ಅವನ ಪಕ್ಕ ಕೂರಬೇಕಿತ್ತು ಅನ್ನಿಸಿತು.

ಚಟ್ಟ ಎತ್ತುವಾಗ ಯಾರೂ ಕರೆಯದೆ ಹೋಗಿ ಮುಂದಿನ ಮೂಲೆಗೆ ಹೆಗಲು ಕೊಟ್ಟ. ಉಳಿದ ಮೂವರೂ ಪ್ರಾಯದವರು, ಅವನಿಗಿಂತ ಎತ್ತರ. ಬೀದಿಯ ತಿರುವಿನಲ್ಲಿ ಪ್ಯಾಕಿಂಗಿನವ ಪಕ್ಕಕ್ಕೆ ಬಂದು, “ಬಿಡಪ್ಪ, ಇನ್ನು ನಾನು ಹೊರ್ತೀನಿ,” ಎಂದ. ಲೇತಣ್ಣ ಬಿಡಲಿಲ್ಲ. ಚಟ್ಟ ಅವನ ಕಡೆಗೆ ವಾಲುತ್ತಿತ್ತು. ಮುದುಕ ಹಿಮ್ಮಡಿ ಎತ್ತಿ, ತುದಿಗಾಲಲ್ಲಿ ನಡೆಯತೊಡಗಿದ.